‘ಪಿ’ ಎಲ್ಲಿದೆ? – ಆಟೋಮ್ಯಾಟಿಕ್ ಕಾರಿನ ಗೇರ್ ಪಾಠದ ಒಂದು ವಿಮರ್ಶೆ

ಕಬ್ಬು ನುರಿಸುವ ಹಂಗಾಮಿನಲ್ಲಿ ನೀವು ಜಮಖಂಡಿಯಿಂದ ಮುಧೋಳಕ್ಕೋ ಬನಹಟ್ಟಿಗೋ ಕಾರಿನಲ್ಲಿ ಹೋಗಿದ್ದರೆ ಈ ಅನುಭವ ನಿಮಗೆ ಹೊಸದಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು ಮುಂದೆ ತೆವಳುತ್ತಿರುತ್ತದೆ. ಹಿಂದಿನ ಕಾರಿನವರು ಕ್ಲಚ್ ತುಳಿದು ಒಂದನೆಯ ಗೇರು, ಮತ್ತೆ ಕ್ಲಚ್ ತುಳಿದು ನ್ಯೂಟ್ರಲ್, ಮತ್ತೆ ಒಂದನೆಯ ಗೇರು ಎಂದು ಎಡಗಾಲು ಸೋಲುವವರೆಗೆ ಇದನ್ನೇ ಮಾಡಬೇಕು. ಕ್ಲಚ್ ಪೆಡಲ್ ಇಲ್ಲದ ಕಾರು ಬೇಕೆನ್ನುವ ಆಸೆ ನಮ್ಮ ಕಡೆಯ ಮಧ್ಯವಯಸ್ಕರಲ್ಲಿ ಹೆಚ್ಚುತ್ತಿರುವುದು ಸಹಜವೇ.

ಹೀಗೆ ಕಾರು ಕೊಂಡ ನಿವೃತ್ತ ಶಿಕ್ಷಕರೊಬ್ಬರು ಒಂದು ದಿನ ನನ್ನ ಬಳಿ ಬಂದರು. ಮನೆಯ ಗೇಟು ತೆರೆಯಲೆಂದು ಅವರು ಕಾರಿನಿಂದ ಇಳಿದಿದ್ದರು. ಎಂಜಿನ್ ಆರಿಸಿದ್ದರು. ಗೇಟಿನ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಕಾರು ಹಿಂದಕ್ಕೆ ಸರಿದು ರಸ್ತೆ ದಾಟಿ ಎದುರು ಮನೆಯ ಕಟ್ಟೆಗೆ ಬಡಿಯಿತು. ಅದೃಷ್ಟಕ್ಕೆ ಕಟ್ಟೆಯ ಮೇಲೆ ಯಾರೂ ಕುಳಿತಿರಲಿಲ್ಲ. ಕಾರು ಕೊಂಡಾಗ ಯಾರೋ ಕೊಟ್ಟ ಒಂದು ಪುಟದ ಸೂಚನಾ ಹಾಳೆಯನ್ನು ನನ್ನ ಮುಂದಿಟ್ಟು ಅವರು ಕೇಳಿದರು: “ಸರ್, ಹಾಳ್ಯಾಗ ಪಿ ಹಾಕ್ರಿ ಅಂತ ಬರದಾರ. ನನ್ನ ಗಾಡ್ಯಾಗ ಪಿ ಎಲ್ಲೈತ್ರಿ? ಆರ್ ಐತಿ, ಎನ್ ಐತಿ, ಡಿ ಐತಿ. ಎನ್ ಅಂದ್ರ ಗಾಡಿ ನಿಂತಂಗ ಅಲ್ರೀ?”

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಆ ಹಾಳೆಯನ್ನು ಭೌತಶಾಸ್ತ್ರದ ಉತ್ತರ ಪತ್ರಿಕೆ ತಿದ್ದುವಂತೆ ಓದಿದೆ. ಅದೊಂದೇ ಹಾಳೆಯ ಮಾತಲ್ಲ ಇದು. ಆಟೋಮ್ಯಾಟಿಕ್ ಕಾರಿನ ಬಗ್ಗೆ ನಮ್ಮಲ್ಲಿ ಬಾಯಿಂದ ಬಾಯಿಗೆ ಸಾಗುವ ಬುದ್ಧಿವಾದವೆಲ್ಲ ಹೆಚ್ಚುಕಡಿಮೆ ಇದೇ ಮಾದರಿಯದು. ಯಾವುದೇ ಸುರಕ್ಷತಾ ಸೂಚನೆಗೆ ಮೂರು ಪ್ರಶ್ನೆ ಹಾಕಬಹುದು. ನಮ್ಮ ಕೈಯಲ್ಲಿರುವ ಯಂತ್ರಕ್ಕೆ ಅದು ಹೊಂದುತ್ತದೆಯೇ? ಕಾರಣವನ್ನು ತಿಳಿಸುತ್ತದೆಯೇ? ತಪ್ಪಿದರೆ ಏನಾಗುತ್ತದೆಂದು ಹೇಳುತ್ತದೆಯೇ? ಈ ಮೂರು ಅಳತೆಗೋಲುಗಳಿಂದ ಅದನ್ನು ಪರೀಕ್ಷಿಸೋಣ.

ಒಂದೇ ಹೆಸರು, ಹಲವು ಯಂತ್ರ

ಹಾಳೆಯ ಮೊದಲ ದೋಷ ‘ಆಟೋಮ್ಯಾಟಿಕ್’ ಎಂಬ ಒಂದೇ ಮಾತಿನಲ್ಲಿದೆ. ಈ ಹೆಸರಿನಡಿ ಬೇರೆ ಬೇರೆ ಯಂತ್ರಗಳಿವೆ. ಹಳೆಯ ಮಾದರಿಯಲ್ಲಿ ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳನ್ನು ಕಲ್ಪಿಸಿಕೊಳ್ಳಿ. ಒಂದು ತಿರುಗಿದರೆ ಅದು ತಳ್ಳಿದ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಇದ್ದರೆ ಅದೇ ಟಾರ್ಕ್ ಕನ್ವರ್ಟರಿನ ಮೂಲ ತತ್ತ್ವ. ಎರಡನೆಯದು ಸಿವಿಟಿ. ಇದರಲ್ಲಿ ಹಲ್ಲುಗಾಲಿಗಳ ಬದಲು, ಅಗಲ ಬದಲಾಗುವ ಎರಡು ರಾಟೆಗಳು ಮತ್ತು ಒಂದು ಪಟ್ಟಿ ಇರುತ್ತವೆ. ಮೂರನೆಯದು ಎರಡು ಕ್ಲಚ್ಚುಗಳ ಮಾದರಿ.

ನಾಲ್ಕನೆಯದು ಎಎಂಟಿ. ನಮ್ಮ ದೇಶದ ಕಡಿಮೆ ಬೆಲೆಯ ಕಾರುಗಳಲ್ಲಿ ಇದನ್ನು ಪ್ರಚಾರಕ್ಕೆ ತಂದದ್ದು 2014ರಲ್ಲಿ ಬಂದ ಮಾರುತಿ ಸುಜುಕಿ ಸೆಲೆರಿಯೊ. ಎಎಂಟಿ ಎಂದರೆ ವಾಸ್ತವವಾಗಿ ಮಾಮೂಲಿ ಗೇರ್ ಪೆಟ್ಟಿಗೆ ಮತ್ತು ಮಾಮೂಲಿ ಕ್ಲಚ್. ಕ್ಲಚ್ ಒತ್ತುವ ಕೆಲಸವನ್ನೂ ಗೇರು ಹಾಕುವ ಕೆಲಸವನ್ನೂ ನಮ್ಮ ಕಾಲು ಕೈಗಳ ಬದಲು ಒಂದು ಚಾಲಕ ಸಾಧನ ಮಾಡುತ್ತದೆ. ಅದಕ್ಕೆ ಆಜ್ಞೆ ಕೊಡುವುದು ಒಂದು ಪುಟ್ಟ ಕಂಪ್ಯೂಟರ್. ಬೆಲೆ ಕಡಿಮೆಯಾಗಲು ಇದೇ ಕಾರಣ. ಸೆಲೆರಿಯೊದಂಥ ಕಾರಿನ ಗೇರ್ ದಂಡದ ಬಳಿ ಆರ್, ಎನ್, ಡಿ, ಎಂ ಎಂಬ ಅಕ್ಷರಗಳಿವೆ. ಪಿ ಇಲ್ಲ. ಸೂಚನಾ ಹಾಳೆ ಟಾರ್ಕ್ ಕನ್ವರ್ಟರ್ ಕಾರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಮ್ಮ ಶಿಕ್ಷಕರ ಬಳಿ ಇದ್ದದ್ದು ಎಎಂಟಿ. ಮೊದಲ ಅಳತೆಗೋಲಿಗೇ ಹಾಳೆ ನಪಾಸು.

ಪಿ ಮಾಡುವ ಕೆಲಸವೇನು?

ಪಿ ಸ್ಥಾನಕ್ಕೆ ದಂಡವನ್ನು ತಂದಾಗ ಗೇರ್ ಪೆಟ್ಟಿಗೆಯೊಳಗೆ ಲಿವರಿನಂಥ ಒಂದು ತಡೆಹಲ್ಲು ಇಳಿದು, ಚಕ್ರಗಳಿಗೆ ಜೋಡಿಸಿದ ಹಲ್ಲುಗಾಲಿಯ ಸಂದಿಯಲ್ಲಿ ಕೂರುತ್ತದೆ. ಸೈಕಲ್ಲಿನ ಹಿಂಗಾಲಿಯ ಫ್ರೀವೀಲಿನಲ್ಲಿ ಕಟಕಟ ಸದ್ದು ಮಾಡುವ ಹಲ್ಲುಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಿ ಎಂದರೆ ಬ್ರೇಕಲ್ಲ, ಒಂದು ಬೀಗ. ಹಾಗಾಗಿ ಇಳಿಜಾರಿನಲ್ಲಿ ಕಾರಿನ ಇಡೀ ಭಾರವನ್ನು ಆ ಒಂದು ಹಲ್ಲಿನ ಮೇಲೆ ಹೊರಿಸುವುದು ಸರಿಯಲ್ಲ. ಕಾಲಿನ ಬ್ರೇಕ್ ಒತ್ತಿ ಹಿಡಿದು, ಎನ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಕಾಲನ್ನು ಮೆಲ್ಲಗೆ ಸಡಿಲಿಸಿ, ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂತ ನಂತರ ಮತ್ತೆ ಬ್ರೇಕ್ ಒತ್ತಿ ಪಿ ಹಾಕಬೇಕು. ಹಾಳೆಯಲ್ಲಿ ಹ್ಯಾಂಡ್ ಬ್ರೇಕಿನ ಪ್ರಸ್ತಾಪ ಕೊನೆಯ ಸಾಲಿನಲ್ಲಿ, ಬೇಕಿದ್ದರೆ ಹಾಕಿ ಎಂಬ ಧಾಟಿಯಲ್ಲಿದೆ. ಅದು ಮೊದಲ ಸಾಲಿನಲ್ಲಿರಬೇಕಾದ ಮಾತು.

ಪಿ ಇಲ್ಲದ ಎಎಂಟಿ ಕಾರಿನಲ್ಲಿ ಏನು ಮಾಡಬೇಕು? ಹ್ಯಾಂಡ್ ಬ್ರೇಕ್ ಎಳೆದು, ದಂಡವನ್ನು ಡಿ ಅಥವಾ ಆರ್‌ನಲ್ಲಿ ಇಟ್ಟು ಎಂಜಿನ್ ಆರಿಸಬೇಕು. ಕಾರಿನ ಮೂತಿ ಏರಿನ ಕಡೆಗಿದ್ದರೆ ಡಿ, ಇಳಿವಿನ ಕಡೆಗಿದ್ದರೆ ಆರ್. ಆಗ ಕ್ಲಚ್ ಮುಚ್ಚಿಕೊಂಡು, ಚಕ್ರಗಳು ಗೇರಿನ ಮೂಲಕ ಎಂಜಿನ್ನಿಗೆ ಬಂಧಿತವಾಗುತ್ತವೆ. ಕಾರು ಉರುಳಬೇಕಾದರೆ ನಿಂತ ಎಂಜಿನ್ನನ್ನು ತಿರುಗಿಸಬೇಕು; ಸಿಲಿಂಡರಿನ ಗಾಳಿಯನ್ನು ಒತ್ತಬೇಕು. ಒಂದನೆಯ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಹದಿನಾಲ್ಕು ಸುತ್ತು ತಿರುಗಬೇಕು ಎಂದಿಟ್ಟುಕೊಳ್ಳಿ. ಆಗ ಎಂಜಿನ್ನಿನ ತಡೆಯೂ ಚಕ್ರದ ಬಳಿ ಹದಿನಾಲ್ಕು ಪಟ್ಟು ಹೆಚ್ಚುತ್ತದೆ. ಟ್ರ್ಯಾಕ್ಟರನ್ನು ಗೇರಿನಲ್ಲಿ ನಿಲ್ಲಿಸುವ ನಮ್ಮ ರೈತರಿಗೆ ಇದು ಮೊದಲಿನಿಂದಲೂ ಗೊತ್ತು. ಆದರೆ ಒತ್ತಿದ ಗಾಳಿ ನಿಧಾನವಾಗಿ ಸೋರುತ್ತದೆ. ಆದ್ದರಿಂದ ಇದು ಹ್ಯಾಂಡ್ ಬ್ರೇಕಿಗೆ ಜೊತೆಯೇ ಹೊರತು ಬದಲಿಯಲ್ಲ.

ಇನ್ನು ಎನ್. ಈ ಸ್ಥಾನದಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಎನ್ ಎಂದರೆ ಕಾರು ‘ನಿಂತ’ ಹಾಗಲ್ಲ, ‘ಬಿಟ್ಟ’ ಹಾಗೆ.

ಕಣ್ಣಿಗೆ ಕಾಣದ ಇಳಿಜಾರು

ಬಿಟ್ಟರೆ ಎಷ್ಟು ಬೇಗ ಉರುಳುತ್ತದೆ? ಪಿಯುಸಿ ವಿದ್ಯಾರ್ಥಿಗಳು ಮಾಡಬಲ್ಲ ಲೆಕ್ಕವಿದು. ಕಾರಿನ ದ್ರವ್ಯರಾಶಿ 1000 ಕಿಲೋಗ್ರಾಂ, ಇಳಿಜಾರು 10ಕ್ಕೆ 1 ಎಂದಿರಲಿ. ಜಮಖಂಡಿಯ ರಾಮತೀರ್ಥದ ಗುಡ್ಡದಂಥ ಏರು ಹತ್ತುವಾಗ ಇಂಥ ಇಳಿಜಾರನ್ನು ಮನಸ್ಸಿಗೆ ತಂದುಕೊಳ್ಳಬಹುದು. ಇಳಿಜಾರಿನ ಗುಂಟ ಗುರುತ್ವದ ಬಲ ಸುಮಾರು 980 ನ್ಯೂಟನ್. ಟೈರುಗಳ ಉರುಳು ಘರ್ಷಣೆಯ ಗುಣಾಂಕ 0.015 ಎಂದರೆ ತಡೆ ಸುಮಾರು 150 ನ್ಯೂಟನ್. ಉಳಿದ 830 ನ್ಯೂಟನ್ ಬಲ ಕಾರಿಗೆ ಸೆಕೆಂಡಿಗೆ ಸೆಕೆಂಡಿಗೆ 0.83 ಮೀಟರ್ ವೇಗೋತ್ಕರ್ಷ ಕೊಡುತ್ತದೆ. ಐದು ಸೆಕೆಂಡಿನಲ್ಲಿ ಕಾರು 10 ಮೀಟರಿಗೂ ಹೆಚ್ಚು ಉರುಳಿ, ಗಂಟೆಗೆ 15 ಕಿಲೋಮೀಟರ್ ವೇಗ ಪಡೆದಿರುತ್ತದೆ.

ಈ 830 ನ್ಯೂಟನ್ನಿನ ಅರ್ಥವೇನು? ಸುಮಾರು 85 ಕಿಲೋಗ್ರಾಂ ತೂಕವನ್ನು ಎತ್ತಿ ಹಿಡಿಯುವಷ್ಟು ಬಲ. ಅಷ್ಟು ಬಲದಿಂದ ತಳ್ಳಿದರೂ ಉರುಳುತ್ತಿರುವ ಕಾರು ನಿಲ್ಲುವುದಿಲ್ಲ. ಅದರ ವೇಗ ಇನ್ನೂ ಹೆಚ್ಚದಿರುತ್ತದೆ, ಅಷ್ಟೆ. ಉರುಳುವ ಕಾರಿನ ಹಿಂದೆ ಓಡಿಹೋಗಿ ಕೈ ಒಡ್ಡುವುದು ನಮ್ಮ ಸಹಜ ಪ್ರವೃತ್ತಿ. ಕಾರಿಗೂ ಗೋಡೆಗೂ ನಡುವೆ ಜನ ಸಿಕ್ಕಿಕೊಳ್ಳುವುದು ಹಾಗೆಯೇ. ಲೋಹ ನಜ್ಜಾದರೆ ರಿಪೇರಿ ಮಾಡಿಸಬಹುದು, ಎದೆ ನಜ್ಜಾದರೆ ಆಗದು. ಈ ಎಚ್ಚರಿಕೆ ಹಾಳೆಯಲ್ಲಿ ಒಂದು ಸಾಲೂ ಇಲ್ಲ.

ಈಗ ಇಳಿಜಾರು 50ಕ್ಕೆ 1 ಎಂದುಕೊಳ್ಳಿ. ಕೋನ ಒಂದು ಡಿಗ್ರಿಗಿಂತ ತುಸು ಹೆಚ್ಚು. ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಇಲ್ಲಿ ವೇಗೋತ್ಕರ್ಷ ಕೇವಲ 0.05ರಷ್ಟು. ಮೊದಲ ಹತ್ತು ಸೆಕೆಂಡಿನಲ್ಲಿ ಎರಡೂವರೆ ಮೀಟರ್, ಇಪ್ಪತ್ತು ಸೆಕೆಂಡಿಗೆ ಸುಮಾರು ಹತ್ತು ಮೀಟರ್. ಇಳಿದು ಗೇಟು ತೆರೆಯಲು ಬೇಕಾದ ಸಮಯ ಇಷ್ಟೇ. ಶಿಕ್ಷಕರ ಮನೆಯ ಮುಂದೆ ನಡೆದದ್ದೂ ಇದೇ. ಹೊರಟಾಗ ಕಾರು ಎಷ್ಟು ಮೆಲ್ಲಗೆ ಕದಲಿತೆಂದರೆ ಅವರ ಗಮನಕ್ಕೇ ಬರಲಿಲ್ಲ.

ಓಡುವಾಗ ಬದಲಿಸಬಾರದೇಕೆ?

ಕಾರು ಪೂರ್ತಿ ನಿಲ್ಲದೆ ಡಿಯಿಂದ ಆರ್‌ಗೆ, ಅಥವಾ ಪಿಗೆ ಬದಲಿಸಬಾರದು ಎಂಬ ಸೂಚನೆ ಹಾಳೆಯಲ್ಲಿದೆ. ಸೂಚನೆ ಸರಿ. ಆದರೆ ಕೊಟ್ಟ ಕಾರಣ ‘ಗೇರ್ ಬಾಕ್ಸ್ ಹಾಳಾಗುತ್ತದೆ’ ಎಂಬಷ್ಟಕ್ಕೇ ನಿಂತಿದೆ. ವಿದ್ಯಾರ್ಥಿಗೆ ಇದು ಸಾಲದು. ಗಂಟೆಗೆ 5 ಕಿಲೋಮೀಟರ್, ಅಂದರೆ ನಡಿಗೆಯ ವೇಗದಲ್ಲಿರುವ 1000 ಕಿಲೋಗ್ರಾಂ ಕಾರಿನ ಚಲನ ಶಕ್ತಿ ಸುಮಾರು 965 ಜೂಲ್. 50 ಕಿಲೋಗ್ರಾಮಿನ ಸಿಮೆಂಟ್ ಚೀಲವನ್ನು ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಬರುವಷ್ಟು ಶಕ್ತಿ ಅದು. ಅದೆಲ್ಲ ಒಂದು ಹಲ್ಲಿನ ಮೇಲೋ ಕೆಲವು ಕ್ಲಚ್ ಫಲಕಗಳ ಮೇಲೋ ಬಿದ್ದರೆ ಏನಾದೀತು ಎಂಬುದನ್ನು ಯಾರಾದರೂ ಊಹಿಸಬಲ್ಲರು. ಕಾರಣ ಹೀಗೆ ತಿಳಿದರೆ ಸೂಚನೆ ಮರೆಯುವುದಿಲ್ಲ.

ಸಿಗ್ನಲಿನಲ್ಲಿ ನಿಂತಾಗಲೆಲ್ಲ ಎನ್‌ಗೆ ತರಬೇಕೆಂಬ ಇನ್ನೊಂದು ಸೂಚನೆ ಮ್ಯಾನ್ಯುಯಲ್ ಕಾರಿನ ಅಭ್ಯಾಸದ ಪಳೆಯುಳಿಕೆ. ಎಎಂಟಿಯಲ್ಲಿ ಬ್ರೇಕ್ ಒತ್ತಿ ನಿಂತರೆ ಕ್ಲಚ್ ತಾನಾಗಿ ಬಿಟ್ಟಿರುತ್ತದೆ. ಕೆಲವು ಕ್ಷಣಗಳ ನಿಲುಗಡೆಗೆ ಡಿಯಲ್ಲಿ ಬ್ರೇಕ್ ಒತ್ತಿಕೊಂಡಿದ್ದರೆ ಸಾಕು. ಹೆಚ್ಚು ಹೊತ್ತಾದರೆ ಎನ್‌ಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಬಹುದು. ಹಾಳೆ ಹೇಳದ, ಆದರೆ ಹೇಳಲೇಬೇಕಾಗಿದ್ದ ಸಂಗತಿ ಬೇರೆ ಇದೆ. ಏರಿನಲ್ಲಿ ನಿಂತಾಗ ಬ್ರೇಕ್ ಬಿಟ್ಟು ಆಕ್ಸಲರೇಟರನ್ನು ತುಸು ಒತ್ತಿ ಕಾರನ್ನು ತೂಗಿ ಹಿಡಿಯಬಾರದು. ಎಎಂಟಿಯಲ್ಲಿ ಆಗ ಕ್ಲಚ್ ಜಾರುತ್ತ ಕಾಯುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಎಣ್ಣೆ ಕಾಯುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಎಂಬ ಭ್ರಮೆ

ಇಳಿಜಾರಿನಲ್ಲಿ ಎನ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಬುದ್ಧಿವಾದ ಹಾಳೆಯಲ್ಲಿಲ್ಲ. ಆದರೆ ಜನರ ಬಾಯಲ್ಲಿದೆ. ಹಾಳೆ ಅದನ್ನು ಖಂಡಿಸದೆ ಬಿಟ್ಟದ್ದೂ ಲೋಪವೇ. ಕಾರ್ಬ್ಯುರೇಟರ್ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಆಧಾರವಿತ್ತು. ಇಂದಿನ ಕಾರುಗಳಲ್ಲಿ ಗೇರಿನಲ್ಲಿದ್ದುಕೊಂಡು ಆಕ್ಸಲರೇಟರಿನಿಂದ ಕಾಲು ತೆಗೆದಾಗ ಕಂಪ್ಯೂಟರ್ ಇಂಧನದ ಸಿಂಪರಣೆಯನ್ನೇ ನಿಲ್ಲಿಸುತ್ತದೆ. ಎನ್‌ನಲ್ಲಿ ಎಂಜಿನ್ ಆರದಿರಲು ಇಂಧನ ಬೇಕೇ ಬೇಕು. ಉಳಿತಾಯದ ಮಾತು ತಲೆಕೆಳಗು. ಎಂಜಿನ್ನನ್ನೇ ಆರಿಸಿ ಇಳಿಯುವುದು ಇನ್ನೂ ಅಪಾಯ. ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ಸಹಾಯಬಲ ನಿಂತುಹೋಗುತ್ತದೆ.

ನಮ್ಮ ಭಾಗದ ಕುಟುಂಬಗಳು ರಜೆಯಲ್ಲಿ ಚೋರ್ಲಾ ಅಥವಾ ಅನಮೋಡ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತವೆ. ಜನರೂ ಸೇರಿ 1200 ಕಿಲೋಗ್ರಾಂ ಇರುವ ಕಾರು ಒಟ್ಟು 500 ಮೀಟರ್ ಕೆಳಗಿಳಿದರೆ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 59 ಲಕ್ಷ ಜೂಲ್. ಬ್ರೇಕುಗಳ ಕಬ್ಬಿಣವೆಲ್ಲ ಸೇರಿ 25 ಕಿಲೋಗ್ರಾಂ ಎಂದು ಭಾವಿಸಿ. ಕಬ್ಬಿಣದ ವಿಶಿಷ್ಟ ಉಷ್ಣ 460. ಶಾಖವೆಲ್ಲ ಬ್ರೇಕಿನಲ್ಲೇ ಉಳಿದರೆ ಉಷ್ಣತೆ 500 ಡಿಗ್ರಿಗೂ ಹೆಚ್ಚು ಏರಬೇಕು! ಗಾಳಿಗೆ ಬಹುಪಾಲು ಶಾಖ ಹೋಗುವುದರಿಂದ ನಿಜದಲ್ಲಿ ಅಷ್ಟು ಏರದು. ಆದರೂ ಬ್ರೇಕ್ ಕಾದು ಹಿಡಿತ ಕಡಿಮೆಯಾಗಲು ಬೇಕಾದಷ್ಟು ಶಕ್ತಿ ಅಲ್ಲಿದೆ. ಎಂ ಸ್ಥಾನಕ್ಕೆ ತಂದು ಎರಡನೆಯ ಗೇರಿನಲ್ಲಿ ಇಳಿದರೆ ಈ ಶಕ್ತಿಯ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ಎಲ್ ಇರುವ ಕಾರಿನಲ್ಲಿ ಎಲ್ ಬಳಸಬೇಕು. ಗಾಡಿ ಆಟೋಮ್ಯಾಟಿಕ್ ಆದರೂ ಇಳಿಜಾರು ಎಷ್ಟು ಉದ್ದವಿದೆ ಎಂಬುದು ಅದಕ್ಕೆ ತಿಳಿಯದು, ಚಾಲಕನಿಗೆ ತಿಳಿಯುತ್ತದೆ.

ಅಕ್ಷರಗಳ ಹಿಂದಿನ ಚರಿತ್ರೆ

ತಪ್ಪೆಲ್ಲ ಹಾಳೆಯದೇ ಎನ್ನುವುದೂ ನ್ಯಾಯವಲ್ಲ. ಗೇರ್ ದಂಡದ ವಿನ್ಯಾಸವನ್ನೂ ವಿಮರ್ಶಿಸಬೇಕು. ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ತಂದ ಹೈಡ್ರಾಮ್ಯಾಟಿಕ್‌ನಲ್ಲೂ ಪಿ ಇರಲಿಲ್ಲ. ಎಂಜಿನ್ ಆರಿಸಿ ಆರ್‌ಗೆ ತಂದರೆ ಚಕ್ರ ಬಂಧಿತವಾಗುತ್ತಿತ್ತು. ಅಲ್ಲಿ ಅಕ್ಷರಗಳ ಕ್ರಮ ಎನ್, ಡಿ, ಎಲ್, ಆರ್. ನಿಧಾನಗತಿಯ ಎಲ್‌ಗೆ ತರಲು ಹೋದವರು ಒಂದು ಹೆಜ್ಜೆ ಜಾರಿದರೆ ಹಿಂದಕ್ಕೆ ಹೋಗುವ ಆರ್! ಕಂಪನಿಗೊಂದು ಕ್ರಮವಿದ್ದ ಈ ಅವ್ಯವಸ್ಥೆಯನ್ನು ರಾಲ್ಫ್ ನೇಡರ್ 1965ರ ತಮ್ಮ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದಲ್ಲಿ ಟೀಕಿಸಿದರು. 1968ರಿಂದ ಅಮೆರಿಕದ ಸುರಕ್ಷತಾ ಮಾನಕ, ಮುಂದಿನ ಮತ್ತು ಹಿಂದಿನ ಗೇರುಗಳ ನಡುವೆ ಎನ್ ಇರಲೇಬೇಕೆಂದು ವಿಧಿಸಿತು. ಇಂದು ನಾವು ನೋಡುವ ಪಿ–ಆರ್–ಎನ್–ಡಿ ಕ್ರಮದ ಹಿಂದೆ ಇಂಥ ಅನುಭವವಿದೆ.

1980ರ ದಶಕದಲ್ಲಿ ಅಮೆರಿಕದಲ್ಲಿ ಕಾರುಗಳು ತಾವಾಗಿ ನುಗ್ಗುತ್ತವೆ ಎಂಬ ದೂರುಗಳು ಬಂದವು. ಅಲ್ಲಿಯ ಹೆದ್ದಾರಿ ಸುರಕ್ಷತಾ ಸಂಸ್ಥೆಯ 1989ರ ಅಧ್ಯಯನ, ಬಹುತೇಕ ಪ್ರಕರಣಗಳಲ್ಲಿ ಚಾಲಕರು ಬ್ರೇಕೆಂದು ತಿಳಿದು ಆಕ್ಸಲರೇಟರನ್ನು ಒತ್ತಿದ್ದರೆಂದು ತೀರ್ಮಾನಿಸಿತು. ಬ್ರೇಕ್ ಒತ್ತದೆ ಪಿಯಿಂದ ದಂಡ ಹೊರಬರದಂತೆ ಮಾಡುವ ಬೀಗ ಬಳಕೆಗೆ ಬಂದದ್ದು ಈ ಹಿನ್ನೆಲೆಯಲ್ಲಿ. 2010ರ ಸೆಪ್ಟೆಂಬರಿನಿಂದ ಅಲ್ಲಿಯ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು.

ಆದರೂ ಪಾಠ ಮರೆತುಹೋಗುತ್ತದೆ. ಫಿಯೆಟ್ ಕ್ರೈಸ್ಲರ್ ಕಂಪನಿಯ ಕೆಲವು ಕಾರುಗಳಲ್ಲಿ ದಂಡವನ್ನು ಹೇಗೆ ತಳ್ಳಿದರೂ ಅದು ಮತ್ತೆ ನಡುವಿನ ಜಾಗಕ್ಕೇ ಮರಳುತ್ತಿತ್ತು. ಯಾವ ಗೇರಿನಲ್ಲಿದೆಯೆಂದು ತಿಳಿಯಲು ದೀಪದ ಅಕ್ಷರವನ್ನೇ ನೋಡಬೇಕು. ಪಿಯಲ್ಲಿದೆ ಎಂದುಕೊಂಡು ಇಳಿದವರ ಕಾರುಗಳು ಉರುಳಿದವು. 2016ರ ಏಪ್ರಿಲಿನಲ್ಲಿ ಕಂಪನಿ ಸುಮಾರು 11 ಲಕ್ಷ ಕಾರುಗಳನ್ನು ಮರುಕರೆಯಿತು. ಆ ವರ್ಷ ಜೂನಿನಲ್ಲಿ ನಟ ಆಂಟನ್ ಯೆಲ್ಚಿನ್ ಮರುಕರೆಯ ಪಟ್ಟಿಯಲ್ಲಿದ್ದ ಇಂಥದೇ ಕಾರು ಉರುಳಿ ತಮ್ಮ ಮನೆಯ ಮುಂದೆಯೇ ಮೃತರಾದರು. ದಂಡದ ಸ್ಥಾನವೇ ಯಂತ್ರದ ಸ್ಥಿತಿಯನ್ನು ಕೈಗೆ ತಿಳಿಸಬೇಕು ಎಂಬುದು ಇದರ ಪಾಠ. ಗುಂಡಿ ತಿರುಗಿಸುವ, ಒತ್ತುವ ಹೊಸ ಕಾರುಗಳಿಗೂ ಇದು ಅನ್ವಯಿಸುತ್ತದೆ.

ನಮ್ಮ ಎಎಂಟಿಯ ವಿನ್ಯಾಸದಲ್ಲೂ ಒಂದು ದೌರ್ಬಲ್ಯವಿದೆ. ಎಂಜಿನ್ ಚಾಲೂ ಮಾಡಲು ಸಾಮಾನ್ಯವಾಗಿ ಎನ್‌ನಲ್ಲೇ ಇರಬೇಕು. ಚಾಲೂ ಮಾಡುವ ಸ್ಥಾನವೇ ನಿಲ್ಲಿಸುವ ಸ್ಥಾನವೂ ಇರಬೇಕೆಂದು ಮನಸ್ಸು ತಾನಾಗಿ ಊಹಿಸುತ್ತದೆ. ಶಿಕ್ಷಕರ ತಪ್ಪಿಗೆ ಈ ಊಹೆಯೂ ಕಾರಣ.

ಪರೀಕ್ಷೆಯ ಮಿತಿ

ಮೋಟಾರು ವಾಹನ ಕಾಯ್ದೆ, 1988ರ 10ನೆಯ ಕಲಮು ಗೇರುಳ್ಳ ಮತ್ತು ಗೇರಿಲ್ಲದ ಮೋಟಾರ್ ಸೈಕಲ್ಲುಗಳನ್ನು ಬೇರೆ ಬೇರೆ ವರ್ಗವಾಗಿ ನೋಡುತ್ತದೆ. ಲಘು ಮೋಟಾರು ವಾಹನಕ್ಕೆ ಅಂಥ ವಿಭಜನೆ ಇಲ್ಲ. 1989ರ ಕೇಂದ್ರ ನಿಯಮಗಳ 15ನೆಯ ನಿಯಮ ಪರೀಕ್ಷಾರ್ಥಿಯಿಂದ ಏನೇನು ನಿರೀಕ್ಷಿಸುತ್ತದೆ? ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವುದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಉರುಳದಂತೆ ಮತ್ತೆ ಹೊರಡುವುದು. ಭೌತಶಾಸ್ತ್ರದ ದೃಷ್ಟಿಯಿಂದ ಇವು ಬಹಳ ಒಳ್ಳೆಯ ಪ್ರಶ್ನೆಗಳು. ಆದರೆ ಮ್ಯಾನ್ಯುಯಲ್ ಕಾರಿನಲ್ಲಿ ಉತ್ತರ ಕಲಿತವರು ಮರುದಿನವೇ ಒಂದು ಪಾಠವೂ ಇಲ್ಲದೆ ಆಟೋಮ್ಯಾಟಿಕ್ ಕಾರು ಓಡಿಸಬಹುದು. ಇಪ್ಪತ್ತು ವರ್ಷ ಕ್ಲಚ್ ತುಳಿದ ಎಡಗಾಲು ಗಾಬರಿಯಲ್ಲಿ ಎದುರಿಗೆ ಸಿಕ್ಕ ಪೆಡಲನ್ನು ಬಲವಾಗಿ ತುಳಿಯುತ್ತದೆ, ಅದು ಬ್ರೇಕಾಗಿರುತ್ತದೆ. ಎಡಗಾಲನ್ನು ನೆಲದ ಮೇಲಿರಿಸಿ, ಎರಡೂ ಪೆಡಲುಗಳಿಗೆ ಬಲಗಾಲನ್ನೇ ಬಳಸುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಯೇ ರಸ್ತೆಗಿಳಿಯಬೇಕು.

ಹಾಳೆಯನ್ನು ತಿದ್ದಿ ಬರೆದರೆ

ನಾನಾದರೆ ಹೀಗೆ ಬರೆಯುತ್ತಿದ್ದೆ. ಮೊದಲು ನಿಮ್ಮ ಕಾರಿನಲ್ಲಿ ಪಿ ಇದೆಯೇ ನೋಡಿ. ಇರಲಿ ಬಿಡಲಿ, ಇಳಿಯುವ ಮುನ್ನ ಹ್ಯಾಂಡ್ ಬ್ರೇಕ್ ಎಳೆಯಿರಿ. ಪಿ ಇದ್ದರೆ ಪಿ, ಇಲ್ಲದಿದ್ದರೆ ಡಿ ಅಥವಾ ಆರ್‌ನಲ್ಲಿ ಎಂಜಿನ್ ಆರಿಸಿ. ಎನ್‌ನಲ್ಲಿ ಎಂದೂ ಬಿಡಬೇಡಿ. ಬ್ರೇಕಿನಿಂದ ಕಾಲು ತೆಗೆದು, ಕಾರು ಕದಲದೆಂದು ಖಚಿತವಾದ ಮೇಲೆ ಬಾಗಿಲು ತೆರೆಯಿರಿ. ಏರಿನಲ್ಲಿ ನಿಲ್ಲಿಸಿದರೆ ಟ್ರೇಲರಿನವರಂತೆ ಗಾಲಿಗೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದುಹಾಕಿ. ಗೇರಿನ ದಿಕ್ಕು ಬದಲಿಸುವ ಮುನ್ನ ಕಾರು ಪೂರ್ತಿ ನಿಲ್ಲಲಿ. ಘಟ್ಟ ಇಳಿಯುವಾಗ ಕೆಳಗಿನ ಗೇರು. ಉರುಳುವ ಕಾರಿಗೆ ಅಡ್ಡ ನಿಲ್ಲಬೇಡಿ.

ಶಿಕ್ಷಕ ಮಿತ್ರರಿಗೆ ಒಂದು ಮನವಿ. ಇಳಿಜಾರು ತಲದ ಪಾಠ ಮಾಡುವಾಗ ಮರದ ದಿಮ್ಮಿಯ ಬದಲು ಈ ಕಾರನ್ನು ಕರಿಹಲಗೆಯ ಮೇಲೆ ಬರೆಯಿರಿ. ಕೋನಮಾಪಕಕ್ಕೆ ದಾರ ಮತ್ತು ಗುಂಡು ಕಟ್ಟಿ, ಶಾಲೆಯ ಮುಂದಿನ ರಸ್ತೆಯ ಇಳಿಜಾರನ್ನು ವಿದ್ಯಾರ್ಥಿಗಳಿಂದ ಅಳೆಯಿಸಿ. ಹಲಗೆಯ ಮೇಲೆ ಆಟಿಕೆ ಕಾರನ್ನಿಟ್ಟು, ಯಾವ ಕೋನಕ್ಕೆ ಅದು ತಾನಾಗಿ ಉರುಳತೊಡಗುತ್ತದೆ ಎಂದು ಗುರುತಿಸಲಿ. ಆ ಕೋನ ಎಷ್ಟು ಚಿಕ್ಕದೆಂದು ಕಂಡ ಹುಡುಗಿಯೋ ಹುಡುಗನೋ ಆ ಸಂಜೆ ಮನೆಯಲ್ಲಿ ಅಪ್ಪನಿಗೆ ಹ್ಯಾಂಡ್ ಬ್ರೇಕ್ ನೆನಪಿಸಿದರೆ ನಮ್ಮ ಪಾಠ ಸಾರ್ಥಕ.

ಆ ಶಿಕ್ಷಕರು ಈಗ ತಮ್ಮ ಹಾಳೆಯ ಪಿ ಅಕ್ಷರವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ ‘ಹ್ಯಾಂಡ್ ಬ್ರೇಕ್’ ಎಂದು ಬರೆದುಕೊಂಡಿದ್ದಾರೆ. ಉತ್ತರ ಪತ್ರಿಕೆ ತಿದ್ದಿದ ಕೈ ಅದು, ತಿದ್ದುಪಡಿ ಸರಿಯಾಗಿದೆ.